ರಾಕ್ಷಸರಿಗೆ ನಾಲ್ಕು ಸಾವಿರ ಕೊಡಬೇಕಾ?

ಮೂರು ವಾರದಿಂದ ನನ್ನ ಶಾಪಿಂಗ್ ಕಾರ್ಟ್‌ನಲ್ಲಿ ಒಂದೇ ಒಂದು ಐಟಂ ಕೂತಿತ್ತು. ರಾತ್ರಿ ಮಲಗೋ ಮುಂಚೆ ಆ್ಯಪ್ ತೆಗೆಯೋದು, ಬೆಲೆ ನೋಡೋದು, 'ನಾಳೆ ನೋಡೋಣ' ಅಂತ ಮುಚ್ಚೋದು. ಶೂ ಅಲ್ಲ, ಇಯರ್‌ಬಡ್ಸ್ ಅಲ್ಲ, ಏರ್ ಫ್ರೈಯರ್ ಕೂಡ ಅಲ್ಲ. ಒಂದು ಪುಸ್ತಕ. 288 ಪುಟ, ಗಟ್ಟಿ ರಟ್ಟು, ಒಳಗೆ ಬರೀ ರಾಕ್ಷಸರು, ಭೂತಗಳು, ವಿಚಿತ್ರ ಪ್ರಾಣಿಗಳು. ಬೆಲೆ ಹೆಚ್ಚುಕಮ್ಮಿ ನಾಲ್ಕು ಸಾವಿರ ರೂಪಾಯಿ.

ಹೆಸರು 'ಮಾರ್ಡನ್‌ಕೈನನ್ ಪ್ರೆಸೆಂಟ್ಸ್: ಮಾನ್‌ಸ್ಟರ್ಸ್ ಆಫ್ ದಿ ಮಲ್ಟಿವರ್ಸ್'. ಹೆಸರು ಹೇಳೋಕೇ ಒಂದು ನಿಮಿಷ ಬೇಕು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದವರಿಗೆ ಮಾಡಿದ ಪುಸ್ತಕ ಇದು. ಕೊಳ್ಳಬೇಕಾ ಬೇಡವಾ ಅನ್ನೋ ಸಣ್ಣ ಪ್ರಶ್ನೆ ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ಈ ವಾರ ಅದನ್ನೇ ಹೇಳ್ತೀನಿ.

ಮೊದಲು, ಇದೆಂಥ ಆಟ?

'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ಗೊತ್ತಿರುತ್ತೆ. ನಾಲ್ಕು ಹುಡುಗರು ಬೇಸ್‌ಮೆಂಟಿನಲ್ಲಿ ಟೇಬಲ್ ಸುತ್ತ ಕೂತು ದಾಳ ಉರುಳಿಸುತ್ತಾ ಕೂಗಾಡುತ್ತಾರಲ್ಲ, ಅದೇ ಆಟ. ಡೆಮೊಗಾರ್ಗನ್, ಮೈಂಡ್ ಫ್ಲೇಯರ್, ವೆಕ್ನಾ ಅನ್ನೋ ಹೆಸರುಗಳೆಲ್ಲ ಅಲ್ಲಿಂದ ಬಂದವು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಮಾಡಿದ ಈ ಆಟ ಹೊರಬಂದಿದ್ದು 1974ರಲ್ಲಿ.

ನೋಡದವರಿಗೆ ಬೇರೆ ಥರ ಹೇಳ್ತೀನಿ. ತಾಳಮದ್ದಳೆ ಗೊತ್ತಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಒಬ್ಬರು ಕೃಷ್ಣ, ಇನ್ನೊಬ್ಬರು ಕರ್ಣ. ಪ್ರಸಂಗ ಗೊತ್ತು, ಆದರೆ ಮಾತು ಅಲ್ಲೇ ಹುಟ್ಟಬೇಕು. ನಮ್ಮ ಆಟವೂ ಹೆಚ್ಚುಕಮ್ಮಿ ಹಾಗೇ. ಒಬ್ಬರು ಕಥೆ ನಡೆಸೋರು, ಭಾಗವತರ ಥರ. ಅವರಿಗೆ ಡಂಜನ್ ಮಾಸ್ಟರ್ ಅಂತಾರೆ. ಉಳಿದವರೆಲ್ಲ ಒಂದೊಂದು ಪಾತ್ರ. ವ್ಯತ್ಯಾಸ ಇಷ್ಟೇ: ತಾಳಮದ್ದಳೆಯಲ್ಲಿ ಕರ್ಣ ಸಾಯ್ತಾನೆ ಅಂತ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಯಾರು ಸಾಯ್ತಾರೆ ಅಂತ 20 ಮುಖದ ದಾಳ ಹೇಳುತ್ತೆ.

ನಮ್ಮ ಟೇಬಲ್‌ನಲ್ಲಿ ಆರು ಜನ. ಭಾಗವತಿಕೆ ನನ್ನದು. ಉಳಿದ ಐವರು ಆಡೋರು. ಎಲ್ಲರೂ ಹಳೇ ಆಫೀಸಿನ ಪರಿಚಯ, ಈಗ ಒಬ್ಬೊಬ್ಬರೂ ಒಂದೊಂದು ಕಡೆ. ಲಾಕ್‌ಡೌನ್‌ನಲ್ಲಿ ವಿಡಿಯೊ ಕಾಲ್ ಮೇಲೆ ಶುರುವಾಗಿ, ಆಮೇಲೆ ರಾಜಾಜಿನಗರದ ನಮ್ಮ ಮನೆಯ ಡೈನಿಂಗ್ ಟೇಬಲ್‌ಗೆ ಬಂತು. ಹದಿನೈದು ದಿನಕ್ಕೊಂದು ಶನಿವಾರ, ಸಂಜೆ ಐದರಿಂದ ಒಂಬತ್ತು. ಬೆಂಗಳೂರಲ್ಲಿ ಆರು ಜನ ವಯಸ್ಕರು ನಾಲ್ಕು ವರ್ಷ ಹೀಗೆ ಸೇರ್ತಾ ಬಂದಿದ್ದಾರೆ ಅಂದ್ರೆ ಅದೇ ಒಂದು ಪವಾಡ.

ಪುಸ್ತಕ ಯಾಕೆ ಬೇಕು ಅನ್ನಿಸ್ತು

ಈ ವರ್ಷ ಆ ಪವಾಡ ಸಡಿಲ ಆಗ್ತಾ ಬಂತು. ಒಂದು ಶನಿವಾರ ಒಬ್ಬರು ಬರಲಿಲ್ಲ, ಇನ್ನೊಂದು ಶನಿವಾರ ಇಬ್ಬರು. ಬಂದವರೂ ಮಧ್ಯೆ ಮಧ್ಯೆ ಫೋನ್ ನೋಡೋರು. ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಮೊದಲು ಶುಕ್ರವಾರವೇ ಗಲಾಟೆ ಶುರುವಾಗ್ತಿತ್ತು. ಈಗ ನಾನು ಕೇಳಿದ ಮೇಲೆ ಒಂದು ಹೆಬ್ಬೆರಳು ಬರೋದು.

ನನ್ನ ರೋಗನಿರ್ಣಯ ರೆಡಿ ಇತ್ತು. ಆಟ ಸಪ್ಪೆ ಆಗಿದೆ. ಅದೇ ಗಾಬ್ಲಿನ್, ಅದೇ ಅಸ್ಥಿಪಂಜರ, ಅದೇ ಡ್ರ್ಯಾಗನ್. ಹೊಸ ರಾಕ್ಷಸರು ಬೇಕು.

ಅದಕ್ಕೆ ದುಡ್ಡೂ ಇತ್ತು. ನಮ್ಮಲ್ಲೊಂದು ಹಳೇ ಬಿಸ್ಕತ್ ಡಬ್ಬಿ ಇದೆ. ಪ್ರತಿ ಸಲ ಐವರೂ ತಲಾ ನೂರು ರೂಪಾಯಿ ಹಾಕೋದು. ತಿಂಡಿ ಖರ್ಚು ನನ್ನದು, ಡಬ್ಬಿ ದುಡ್ಡು ಆಟದ ಸಾಮಾನಿಗೆ. ತಿಂಗಳಿಗೆ ಸಾವಿರ. ನಾಲ್ಕೈದು ತಿಂಗಳಿಂದ ಯಾರೂ ಮುಟ್ಟಿರಲಿಲ್ಲ. ಎಣಿಸಿದರೆ 4,200. ಪುಸ್ತಕ ಬಂದುಬಿಡುತ್ತೆ.

ಆದರೂ ಬಟನ್ ಒತ್ತೋಕೆ ಕೈ ಬರಲಿಲ್ಲ. ಬೇರೆಯವರ ದುಡ್ಡು, ಸ್ವಲ್ಪ ಲೆಕ್ಕ ಹಾಕಿ ನೋಡೋಣ ಅಂದ್ಕೊಂಡೆ.

ರಾಕ್ಷಸರ ಪುಸ್ತಕದಲ್ಲಿ ಏನಿರುತ್ತೆ?

ಈ ಜಾತಿಯ ಪುಸ್ತಕಗಳ ಮೂಲಪುರುಷ 1977ರ 'ಮಾನ್‌ಸ್ಟರ್ ಮ್ಯಾನ್ಯುಯಲ್'. ಗೈಗ್ಯಾಕ್ಸ್ ಬರೆದದ್ದು. ಅದರ ಕೆಲವು ಜೀವಿಗಳ ಹುಟ್ಟಿನ ಕಥೆ ಕೇಳಿದ್ರೆ ನಗು ಬರುತ್ತೆ. ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಒಂದಷ್ಟು ಅವರ ಕೈಗೆ ಸಿಕ್ಕಿದ್ದವು, ಯಾವ ಪ್ರಾಣಿ ಅಂತಲೇ ಹೇಳೋಕಾಗದ ಆಕಾರಗಳು. ಕಬ್ಬಿಣ ತಿನ್ನೋ 'ರಸ್ಟ್ ಮಾನ್‌ಸ್ಟರ್', ನೆಲದೊಳಗಿಂದ ಹಾರಿ ಬರೋ 'ಬುಲೆಟ್', ಗೂಬೆ ಮುಖದ ಕರಡಿ 'ಔಲ್‌ಬೇರ್' ಹುಟ್ಟಿದ್ದು ಆ ಆಟಿಕೆಗಳಿಂದ. ಒಂದು ಪ್ಯಾಕೆಟ್ ಆಟಿಕೆ, ಅರ್ಧ ಶತಮಾನದ ಭಯ. ನಾಲ್ಕು ಸಾವಿರದ ಮುಂದೆ ಕೂತವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗಿನ ಪುಸ್ತಕಗಳಲ್ಲಿ ಪ್ರತಿ ರಾಕ್ಷಸನಿಗೂ ಒಂದು ಚಿತ್ರ, ಸ್ವಲ್ಪ ಕಥೆ, ಒಂದು ಅಂಕಿಪಟ್ಟಿ. ಅದನ್ನು ಸ್ಟ್ಯಾಟ್ ಬ್ಲಾಕ್ ಅಂತಾರೆ. ಅವನಿಗೆ ಏಟು ತಾಗಿಸೋಕೆ ದಾಳದಲ್ಲಿ ಎಷ್ಟು ಬೀಳಬೇಕು, ಎಷ್ಟು ಏಟು ತಡೀತಾನೆ, ತಿರುಗಿ ಏನು ಮಾಡ್ತಾನೆ, ಎಲ್ಲ ಅಲ್ಲಿರುತ್ತೆ. ಜೊತೆಗೆ 'ಚಾಲೆಂಜ್ ರೇಟಿಂಗ್' ಅನ್ನೋ ಒಂದು ಅಂಕಿ. ಅದು 5 ಇದ್ದರೆ, ಐದನೇ ಹಂತದ ನಾಲ್ಕು ಜನ ಸೇರಿ ಅವನನ್ನು ಸಾಯದೆ ಸೋಲಿಸಬಹುದು ಅನ್ನೋ ಅಂದಾಜು. ಬರೀ ಅಂದಾಜು. ನಮ್ಮ ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ 'ಆರು ಜನ' ಅಂತ ಬರೆದಿರುತ್ತಲ್ಲ, ಅಷ್ಟೇ ನಂಬಬೇಕು.

ನನ್ನ ಕಾರ್ಟ್‌ನಲ್ಲಿದ್ದ ಪುಸ್ತಕದ ಕಥೆ ಸ್ವಲ್ಪ ಬೇರೆ. ಅದು ಪೂರ್ತಿ ಹೊಸದಲ್ಲ. 2016ರಲ್ಲಿ 'ವೋಲೋಸ್ ಗೈಡ್ ಟು ಮಾನ್‌ಸ್ಟರ್ಸ್', 2018ರಲ್ಲಿ 'ಮಾರ್ಡನ್‌ಕೈನನ್ಸ್ ಟೋಮ್ ಆಫ್ ಫೋಸ್' ಅಂತ ಎರಡು ಪುಸ್ತಕ ಬಂದಿದ್ದವು. 2022ರಲ್ಲಿ ಆ ಎರಡರ ರಾಕ್ಷಸರನ್ನೂ ಒಟ್ಟಿಗೆ ಸೇರಿಸಿ, ತಿದ್ದಿ ತೀಡಿ ಈ ಪುಸ್ತಕ ಮಾಡಿದರು. 250ಕ್ಕೂ ಹೆಚ್ಚು ರಾಕ್ಷಸರು, ಜೊತೆಗೆ ಆಟಗಾರರು ಆರಿಸಿಕೊಳ್ಳೋಕೆ 30ಕ್ಕೂ ಹೆಚ್ಚು ಕುಲಗಳು.

ಒಳ್ಳೇದು ಏನು ಅಂದ್ರೆ, ಮಂತ್ರ ಹಾಕೋ ರಾಕ್ಷಸರನ್ನು ನಡೆಸೋದು ಸುಲಭ ಆಗಿದೆ. ಹಳೇ ಪುಸ್ತಕದಲ್ಲಿ ಒಬ್ಬ ಮಾಂತ್ರಿಕನಿಗೆ ಹದಿನೈದು ಇಪ್ಪತ್ತು ಮಂತ್ರದ ಪಟ್ಟಿ, ಯಾವ ಮಟ್ಟದ್ದು ಎಷ್ಟು ಉಳಿದಿದೆ ಅಂತ ಬ್ಯಾಂಕ್ ಪಾಸ್‌ಬುಕ್ ಥರ ಲೆಕ್ಕ ಇಡಬೇಕು. ಹೊಸದರಲ್ಲಿ 'ಇದು ದಿನಕ್ಕೆ ಒಂದು ಸಲ, ಇದು ದಿನಕ್ಕೆ ಎರಡು ಸಲ' ಅಷ್ಟೇ. ಶನಿವಾರ ಮಧ್ಯಾಹ್ನ ಮೂರಕ್ಕೆ ತಯಾರಿ ಶುರುಮಾಡೋ ನನ್ನಂಥವರಿಗೆ ಇದು ದೊಡ್ಡ ಉಪಕಾರ.

ಕೆಟ್ಟದ್ದು ಏನು ಅಂದ್ರೆ, ಸೇರಿಸೋವಾಗ ಕೆಲವನ್ನು ಬಿಟ್ಟಿದ್ದಾರೆ. ಅದಕ್ಕೆ ಆಮೇಲೆ ಬರ್ತೀನಿ.

ಪೆನ್ಸಿಲ್ ಲೆಕ್ಕ

ಒಂದು ಭಾನುವಾರ ಬೆಳಿಗ್ಗೆ ಕಾಫಿ ಇಟ್ಟುಕೊಂಡು ಕೂತೆ. ನನ್ನ ಹತ್ತಿರ 2014ರ 'ಮಾನ್‌ಸ್ಟರ್ ಮ್ಯಾನ್ಯುಯಲ್' ಇದೆ, 352 ಪುಟ. ಮೂರು ಸಾವಿರ ಕೊಟ್ಟಿದ್ದೆ. ಒಂದೊಂದೇ ಪುಟ ತಿರುವಿ, ಇದುವರೆಗೆ ಟೇಬಲ್ ಮೇಲೆ ಬಂದ ರಾಕ್ಷಸರಿಗೆ ಪೆನ್ಸಿಲ್‌ನಲ್ಲಿ ಟಿಕ್ ಹಾಕ್ತಾ ಹೋದೆ.

38.

ನಾಲ್ಕು ವರ್ಷದಲ್ಲಿ ಮೂವತ್ತೆಂಟು. ಮೂರು ಸಾವಿರವನ್ನು ಭಾಗಿಸಿದರೆ ಒಬ್ಬ ರಾಕ್ಷಸನಿಗೆ 79 ರೂಪಾಯಿ, ಒಂದು ಮಸಾಲೆ ದೋಸೆ. ಪರವಾಗಿಲ್ಲ, ವಸೂಲಾಗಿದೆ. ಆದರೆ ಇನ್ನೂ ಮುನ್ನೂರರ ಹತ್ತಿರ ರಾಕ್ಷಸರು ಸರದಿ ಕಾಯ್ತಾ ಕೂತಿದ್ದಾರೆ.

ಆಮೇಲೆ ಕಪಾಟಿನಿಂದ 'ವೋಲೋಸ್ ಗೈಡ್' ತೆಗೆದೆ. ಹೌದು, ಅದೂ ಇದೆ ನನ್ನ ಹತ್ತಿರ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್, 1,800 ಕೊಟ್ಟು ತಗೊಂಡಿದ್ದು. ಟಿಕ್ ಬಿದ್ದಿದ್ದು ಆರು. ಒಬ್ಬೊಬ್ಬನಿಗೆ ಮುನ್ನೂರು ರೂಪಾಯಿ. ಇದೇ ವೇಗದಲ್ಲಿ ಹೊಸ ಪುಸ್ತಕದಿಂದಲೂ ಆರು ಜನ ಬಂದರೆ? ನಾಲ್ಕು ಸಾವಿರ ಭಾಗಿಸು ಆರು, 666 ರೂಪಾಯಿ ಚಿಲ್ಲರೆ. ಅಂಕಿ ನೋಡಿ ನನಗೇ ನಗು ಬಂತು.

ಇನ್ನೊಂದು ವಿಷಯ ಗೊತ್ತಿರಲಿ. ಈ ಆಟದ ಮೂಲ ನಿಯಮಗಳ ಒಂದು ಕಡತ, 'ಸಿಸ್ಟಂ ರೆಫರೆನ್ಸ್ ಡಾಕ್ಯುಮೆಂಟ್', 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪೂರ್ತಿ ಉಚಿತ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಗಾಬ್ಲಿನ್‌ನಿಂದ ಡ್ರ್ಯಾಗನ್‌ವರೆಗೆ ಅದರಲ್ಲೇ ಇದ್ದಾರೆ. ಬಿಹೋಲ್ಡರ್, ಮೈಂಡ್ ಫ್ಲೇಯರ್ ಥರದ ಕೆಲವು ಟ್ರೇಡ್‌ಮಾರ್ಕ್ ಮುಖಗಳು ಮಾತ್ರ ಇಲ್ಲ. ಹೊಸದಾಗಿ ಆಡೋಕೆ ಶುರುಮಾಡೋರು ಒಂದು ರೂಪಾಯಿ ಖರ್ಚಿಲ್ಲದೆ ಒಂದು ವರ್ಷ ಆಡಬಹುದು. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಲೆಕ್ಕ ಇಷ್ಟು ಸ್ಪಷ್ಟ ಇದ್ದರೂ ಮನಸ್ಸು ಕೇಳಲಿಲ್ಲ. 'ಇವರು ಹೊಸ ರಾಕ್ಷಸರು ಕಣೇ' ಅಂತಿತ್ತು. ಮನಸ್ಸಿನ ಭಾಷೆ ಅದು, ಸೀರೆ ಅಂಗಡಿಯಲ್ಲೂ ಹಾಗೇ ಮಾತಾಡುತ್ತೆ.

ಅಪ್ಪ ಕೇಳಿದ ಪ್ರಶ್ನೆ

ಅದೇ ವಾರ ಹೊನ್ನಾವರದಿಂದ ಅಪ್ಪ ಬಂದಿದ್ದರು, ಕಣ್ಣಿನ ಚೆಕಪ್‌ಗೆ. ಯಕ್ಷಗಾನ, ತಾಳಮದ್ದಳೆ ಅಂದ್ರೆ ಊಟ ಬಿಡೋ ಮನುಷ್ಯ. ನಾನು ಟೇಬಲ್ ಮೇಲೆ ಬಿಟ್ಟಿದ್ದ ಪುಸ್ತಕ ತಿರುವಿ ಹಾಕ್ತಾ ಒಂದು ಪುಟದಲ್ಲಿ ನಿಂತರು.

"ಇದು ಯಾವ ಸೀಮೆ ರಾಕ್ಷಸ ಮಾರಾಯ್ತಿ? ಹುಲಿ ಮುಖ, ಕೈ ಬೇರೆ ಹಿಂದುಮುಂದು!"

ನಿಜವಾಗಲೂ ಆ ಪುಟದ ಹೆಸರೇ 'ರಾಕ್ಷಸ'. ಈ ಆಟದಲ್ಲಿ ರಾಕ್ಷಸ ಅಂದ್ರೆ ಒಂದು ನಿರ್ದಿಷ್ಟ ಜಾತಿ: ಹುಲಿಯ ತಲೆ, ರೇಷ್ಮೆ ಬಟ್ಟೆ, ಅಂಗೈ ಹಿಮ್ಮುಖ. 1970ರ ದಶಕದ 'ಕೋಲ್ಚಾಕ್' ಅನ್ನೋ ಅಮೆರಿಕನ್ ಟಿವಿ ಧಾರಾವಾಹಿಯ ಒಂದು ಕಂತಿನಿಂದ ಗೈಗ್ಯಾಕ್ಸ್ ಇವನನ್ನು ಎತ್ತಿಕೊಂಡಿದ್ದು. ನಮ್ಮ ಪುರಾಣದಿಂದ ಟಿವಿಗೆ, ಟಿವಿಯಿಂದ ಪುಸ್ತಕಕ್ಕೆ ಹೋಗೋ ದಾರಿಯಲ್ಲಿ ಹುಲಿ ಆಗಿಬಿಟ್ಟಿದ್ದಾನೆ. ಅಪ್ಪನಿಗೆ ಅಷ್ಟೂ ವಿವರಿಸಿದೆ. ಅಂಕಿಪಟ್ಟಿ ತೋರಿಸಿದೆ. 110 ಏಟು ತಡೀತಾನೆ, ಸಣ್ಣಪುಟ್ಟ ಮಂತ್ರ ತಾಗೋದೇ ಇಲ್ಲ, ಚಾಲೆಂಜ್ ರೇಟಿಂಗ್ 13.

ಅಪ್ಪ ಎಲ್ಲ ಕೇಳಿಸಿಕೊಂಡು, "ಅದಿರಲಿ, ಇವನಿಗೆ ಎಂತ ಬೇಕಂತೆ?" ಅಂದರು.

"ಅಂದ್ರೆ?"

"ಮಹಿಷಾಸುರ ಬರ್ತಾನೆ ಅಂದ್ರೆ ದೊಂದಿ ಹಿಡ್ಕೊಂಡು, ಜನರ ಮಧ್ಯೆಯಿಂದ ಕೂಗ್ತಾ ಬರ್ತಾನೆ. ಮಕ್ಕಳು ಎದ್ದು ಓಡ್ತವೆ. ಆದ್ರೆ ಬಂದ ಮೇಲೆ? ಅವನಿಗೆ ಸ್ವರ್ಗ ಬೇಕು. ಅದಕ್ಕೇ ಅವನ ಮಾತು ಕೇಳ್ಬೇಕು ಅನ್ನಿಸ್ತದೆ. ಬರೀ ಹೊಡೆದಾಡೋಕೆ ಬಂದವನ ಹತ್ರ ಎಂತ ಮಾತು?"

ನನಗೆ ಥಟ್ಟನೆ ಎರಡು ಸಂಜೆ ನೆನಪಾದವು.

ಒಂದು, ಕಳೆದ ವರ್ಷ. 'ವೋಲೋಸ್ ಗೈಡ್'ನಿಂದ 'ಫ್ರಾಗ್‌ಹೆಮತ್' ಅನ್ನೋ ದೈತ್ಯ ಕಪ್ಪೆ ತಂದಿದ್ದೆ. ಮೂರು ಕಣ್ಣು, ನಾಲ್ಕು ಬಾಹು, ಮನುಷ್ಯರನ್ನು ಇಡಿಯಾಗಿ ನುಂಗುತ್ತೆ. ನಾನು ಎರಡು ಗಂಟೆ ತಯಾರಿ ಮಾಡಿದ್ದೆ. ಎಂಟನೇ ಹಂತದ ಐದು ಜನ ಅದನ್ನು ಮೂರು ಸುತ್ತಿನಲ್ಲಿ ಮುಗಿಸಿದರು. ಯಾಕಂದ್ರೆ ಅವರಿಗೆ ಸುತ್ತಿಗೆ ಐದು ಸರದಿ, ಪಾಪ ಕಪ್ಪೆಗೆ ಒಂದು. ಒಂಟಿ ದೈತ್ಯ ಎಷ್ಟೇ ದೊಡ್ಡದಿದ್ದರೂ ಈ ಲೆಕ್ಕದಲ್ಲಿ ಸೋಲುತ್ತೆ. ಆ ಸಂಜೆ ಯಾರಿಗೂ ನೆನಪಿಲ್ಲ.

ಇನ್ನೊಂದು, ಅದಕ್ಕೂ ಹಿಂದಿನದು. ಎಂಟು ಗಾಬ್ಲಿನ್. ಪುಸ್ತಕದ ಬಡಪಾಯಿಗಳು, ತಲಾ ಏಳು ಏಟಿಗೆ ಸಾಯೋರು. ಆದರೆ ಹೊಡೆದು ಓಡಿ ಬಚ್ಚಿಟ್ಟುಕೊಳ್ಳೋ ಕಲೆ ಅವರಿಗೆ ನಿಯಮದಲ್ಲೇ ಇದೆ. ಅವರಿಗೆ ಬೇಕಾಗಿದ್ದು ನಮ್ಮ ತಂಡದ ಹೇಸರಗತ್ತೆ ಮಾತ್ರ. ಹಸಿವು. ಕತ್ತೆಗಾಗಿ ಮೂರು ಗಂಟೆ ಯುದ್ಧ, ಸಂಧಾನ, ಕೊನೆಗೆ ಅಡುಗೆ ಒಪ್ಪಂದ. ಇವತ್ತಿಗೂ ಗ್ರೂಪ್‌ನಲ್ಲಿ ಯಾರಾದರೂ 'ಕತ್ತೆ' ಅಂದರೆ ಎಲ್ಲರೂ ನಗ್ತಾರೆ.

ಗಾಬ್ಲಿನ್‌ಗೆ ಏನು ಬೇಕು ಅಂತ ನನಗೆ ಗೊತ್ತಿತ್ತು. ಕಪ್ಪೆಗೆ ಏನು ಬೇಕು ಅಂತ ಗೊತ್ತಿರಲಿಲ್ಲ. ವ್ಯತ್ಯಾಸ ಇದ್ದಿದ್ದು ಅಷ್ಟೇ.

ಈಗ ಆ 'ಬಿಟ್ಟಿದ್ದಾರೆ' ಅಂದೆನಲ್ಲ, ಅದಕ್ಕೆ ಬರ್ತೀನಿ. 'ವೋಲೋಸ್ ಗೈಡ್'ನ ಮೊದಲ ಅಧ್ಯಾಯದಲ್ಲಿ ಒಂಬತ್ತು ಬಗೆಯ ರಾಕ್ಷಸರ ಬಗ್ಗೆ ಉದ್ದುದ್ದ ಬರಹಗಳಿವೆ. ಗಾಬ್ಲಿನ್‌ಗಳ ಸಮಾಜ ಹೇಗಿರುತ್ತೆ, 'ಹ್ಯಾಗ್' ಅನ್ನೋ ಮಾಟದ ಮುದುಕಿಯರು ಒಪ್ಪಂದ ಹೇಗೆ ಕುದುರಿಸ್ತಾರೆ, ಕೋಬೋಲ್ಡ್‌ಗಳು ಬದುಕೋದು ಹೇಗೆ, ಇವೆಲ್ಲ. ಅಂದ್ರೆ, ಅಪ್ಪನ ಪ್ರಶ್ನೆಗೆ ಉತ್ತರ ಇರೋ ಪುಟಗಳು. 2022ರ ಪುಸ್ತಕದಲ್ಲಿ ಆ ಅಧ್ಯಾಯಗಳು ಇಲ್ಲ. ಅಂಕಿಪಟ್ಟಿ ಸುಧಾರಿಸಿದೆ, ಕಥೆ ತೆಳ್ಳಗಾಗಿದೆ. ನಾನು ನಾಲ್ಕು ಸಾವಿರ ಕೊಟ್ಟು ಹುಡುಕ್ತಾ ಇದ್ದಿದ್ದು ನನ್ನ ಕಪಾಟಿನಲ್ಲೇ, ಓದದೆ ಬಿದ್ದಿತ್ತು.

ಗ್ರೂಪ್‌ನಲ್ಲಿ ಕೇಳಿದೆ

ಆದರೂ ಒಂದು ಮಾತು ಎಲ್ಲರನ್ನೂ ಕೇಳಬೇಕಲ್ಲ, ಡಬ್ಬಿ ಎಲ್ಲರದ್ದು. 'ಹೊಸ ಮಾನ್‌ಸ್ಟರ್ ಪುಸ್ತಕ ತಗೊಳ್ಳೋಣ್ವಾ? 4000. ಡಬ್ಬಿಯಲ್ಲಿದೆ' ಅಂತ ಹಾಕಿದೆ.

ನಾಲ್ಕು ಹೆಬ್ಬೆರಳು ಬಂದವು. ಐದನೆಯವನಿಂದ ಬರೀ ನೀಲಿ ಟಿಕ್.

ಅವನು ನಮ್ಮ ತಂಡದ ಪುರೋಹಿತ. ಅಂದ್ರೆ ಆಟದಲ್ಲಿ. ಗಿಡ್ಡ ಗಡ್ಡದ ಡ್ವಾರ್ಫ್, ಎಲ್ಲರ ಗಾಯಕ್ಕೂ ಮಂತ್ರ ಹಾಕೋನು. ಕತ್ತೆ ಒಪ್ಪಂದ ಮಾಡಿಸಿದ್ದೂ ಅವನೇ. ಸಾಮಾನ್ಯವಾಗಿ ಪುಸ್ತಕ ಅಂದ ತಕ್ಷಣ ಹತ್ತು ಮೆಸೇಜ್ ಹಾಕೋ ಹುಡುಗ. ಮೂರು ಶನಿವಾರದಿಂದ 'ಆಫೀಸ್ ಕೆಲಸ' ಅಂತ ಬಂದಿರಲಿಲ್ಲ. ಅವನಿಗೂ ಬೋರ್ ಆಗಿದೆ ಅಂತಲೇ ನಾನು ಅಂದ್ಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಕೋಪವೂ ಇತ್ತು.

ಮಾರನೇ ದಿನ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, "ಪುಸ್ತಕಕ್ಕೆ ಏನಂತೀಯ?" ಅಂದೆ.

"ತಗೊಳ್ಳಿ, ನನ್ನ ಕೇಳ್ಬೇಡಿ. ನನ್ನದು ಡಬ್ಬಿಗೆ ಮೂರು ಸಲದ್ದು ಬಾಕಿ ಇದೆ."

"ಅಯ್ಯೋ, ಬರದೇ ಇದ್ದಿದ್ದಕ್ಕೆ ಯಾರು ಕೇಳಿದ್ರು?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅದಕ್ಕೇ ಬರಲಿಲ್ಲ" ಅಂದ.

ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಯಲಹಂಕದಿಂದ ರಾಜಾಜಿನಗರಕ್ಕೆ ಬಂದು ಹೋಗೋ ಖರ್ಚು, ಡಬ್ಬಿಗೆ ನೂರು. ಬಾಡಿಗೆ, ಇಎಂಐ ಮುಂದೆ ಅದು ದೊಡ್ಡ ಮೊತ್ತ ಅಲ್ಲ, ನನಗೂ ಗೊತ್ತು, ಅವನಿಗೂ ಗೊತ್ತು. ಆದರೆ ಎಲ್ಲರ ಎದುರಿಗೆ ಆ ಡಬ್ಬಿ ಸುತ್ತು ಬರುವಾಗ 'ಈ ಸಲ ನನ್ನದು ಬಿಡಿ' ಅನ್ನೋದಿದೆಯಲ್ಲ, ಅದು ನೂರು ರೂಪಾಯಿ ಅಲ್ಲ. "ಎಲ್ಲರೂ 'ಯಾವಾಗ ಸ್ವಿಚ್ ಮಾಡಿದೆ, ಎಲ್ಲಿ' ಅಂತ ಕೇಳ್ತಾರೆ. ಶನಿವಾರ ಒಂದು ದಿನ ಆದ್ರೂ ಅದು ಬೇಡ ಅನ್ನಿಸ್ತು" ಅಂದ.

ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಆ ಡಬ್ಬಿ ನೋಡ್ತಾ ಕೂತೆ. ಖಾಲಿ ಕುರ್ಚಿಗೆ ನಾನು ಹುಡುಕಿದ ಔಷಧಿ 288 ಪುಟದ ರಾಕ್ಷಸರು. ಅದನ್ನು ಕೊಳ್ಳೋಕೆ ಬಳಸ್ತಾ ಇದ್ದಿದ್ದು, ಆ ಕುರ್ಚಿ ಖಾಲಿಯಾಗೋಕೆ ಕಾರಣವಾದ ಡಬ್ಬಿಯ ದುಡ್ಡು.

ಉಳಿದ ನಾಲ್ವರನ್ನೂ ಒಬ್ಬೊಬ್ಬರನ್ನೇ ಮಾತಾಡಿಸಿದೆ, ಅವನ ವಿಷಯ ಹೇಳದೆ. ಯಾರಿಗೂ ರಾಕ್ಷಸರು ಬೋರ್ ಆಗಿರಲಿಲ್ಲ. ಒಬ್ಬಳಿಗೆ ಮಗು ರಾತ್ರಿ ಮಲಗಲ್ಲ. ಇನ್ನೊಬ್ಬನಿಗೆ ಒಂಬತ್ತಕ್ಕೆ ಮುಗಿದರೆ ವೈಟ್‌ಫೀಲ್ಡ್ ತಲುಪೋದು ಹನ್ನೊಂದು. ಉಳಿದಿಬ್ಬರು, "ಪುರೋಹಿತ ಬರ್ತಿಲ್ಲ, ಏನೋ ಮಜಾ ಇಲ್ಲ" ಅಂದರು. ನಾನು ನಾಲ್ಕು ಸಾವಿರದ ಉತ್ತರ ಹಿಡಿದುಕೊಂಡು ಓಡಾಡ್ತಾ ಇದ್ದೆ. ಪ್ರಶ್ನೆ ಏನು ಅಂತ ಯಾರನ್ನೂ ಕೇಳಿರಲಿಲ್ಲ.

ಕೊನೆಗೆ ಏನು ಮಾಡಿದೆ

ಡಬ್ಬಿ ನಿಲ್ಲಿಸಿದೆ. 'ಇನ್ಮೇಲೆ ಡಬ್ಬಿ ಇಲ್ಲ, ಸಾಮಾನು ಸಾಕಷ್ಟಿದೆ' ಅಂತ ಗ್ರೂಪ್‌ನಲ್ಲಿ ಒಂದು ಸಾಲು ಹಾಕಿದೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಹದಿನೈದು ದಿನಕ್ಕೊಮ್ಮೆ ಅನ್ನೋದು ತಿಂಗಳಿಗೊಮ್ಮೆ ಆಯಿತು, ಮಧ್ಯಾಹ್ನ ಎರಡರಿಂದ ಆರು. ಇನ್ನೊಂದು ಸಲ ವಿಡಿಯೊ ಕಾಲ್ ಮೇಲೆ, ಎರಡೇ ಗಂಟೆ. ಲಾಕ್‌ಡೌನ್‌ನಲ್ಲಿ ಮಾಡ್ತಿದ್ದ ಹಾಗೆ.

ಮುಂದಿನ ಆಟಕ್ಕೆ ನಾನು ಆರಿಸಿದ್ದು ಅಪ್ಪ ನೋಡಿದ ಆ ಹುಲಿ ಮುಖದ ರಾಕ್ಷಸನನ್ನು. ನಾಲ್ಕು ವರ್ಷದಿಂದ ಟಿಕ್ ಬೀಳದೆ ಕೂತಿದ್ದ. ಅವನಿಗೆ ಬೇಕಾದ ರೂಪ ತಾಳೋ ಶಕ್ತಿ ಇದೆ, ಬೇರೆಯವರ ಮನಸ್ಸು ಓದೋ ಶಕ್ತಿ ಇದೆ. ಸತ್ತರೂ ನರಕದಲ್ಲಿ ಮತ್ತೆ ಹುಟ್ಟಿ, ಕೊಂದವರನ್ನು ನೆನಪಿಟ್ಟು ಹುಡುಕಿಕೊಂಡು ಬರ್ತಾನೆ. ಇವನಿಗೆ ಎಂತ ಬೇಕು? ಒಂದು ಊರಿನ ಸಾಲವೆಲ್ಲ ಇವನ ಕೈಯಲ್ಲಿರಬೇಕು, ಅಷ್ಟೇ. ಅಕ್ಕಿ ವ್ಯಾಪಾರಿಯ ವೇಷ ಹಾಕಿಸಿದೆ. ಎಲ್ಲರಿಗೂ ನಗುನಗುತ್ತಾ ಸಾಲ ಕೊಡೋನು.

ಪುರೋಹಿತ ಬಂದ. ಆಟ ಮುಗಿಯೋವರೆಗೂ ಒಂದೇ ಒಂದು ಏಟು ಬೀಳಲಿಲ್ಲ. ಆರು ಗಂಟೆಗೆ ನಿಲ್ಲಿಸಬೇಕಾಗಿದ್ದನ್ನು ಏಳೂವರೆಗೆ ನಿಲ್ಲಿಸಿದೆವು. ಹೊರಡೋವಾಗ ಅವನೇ ಎಲ್ಲರಿಗೂ ಹೇಳಿದ, "ಕೆಲಸ ಹೋಗಿದೆ ಕಣ್ರೋ, ಯಾರಾದ್ರೂ ರೆಫರ್ ಮಾಡಿ." ಮೂರು ಜನ ಅಲ್ಲೇ ಫೋನ್ ತೆಗೆದರು. ಇನ್ನೂ ಕೆಲಸ ಸಿಕ್ಕಿಲ್ಲ. ಎರಡು ಇಂಟರ್‌ವ್ಯೂ ಆಗಿದೆ. ಶನಿವಾರ ತಪ್ಪಿಸಿಲ್ಲ.

ಹಾಗಾದ್ರೆ ನೀವು ಕೊಳ್ಳಬೇಕಾ?

ನನ್ನ ಕಥೆ ಕೇಳಿ ಪುಸ್ತಕವೇ ಕೆಟ್ಟದು ಅಂದ್ಕೋಬೇಡಿ. ಒಳ್ಳೇ ಪುಸ್ತಕ. 'ವೋಲೋಸ್', 'ಟೋಮ್ ಆಫ್ ಫೋಸ್' ಎರಡೂ ನಿಮ್ಮ ಹತ್ತಿರ ಇಲ್ಲ ಅಂದ್ರೆ, ಮೂಲ ಪುಸ್ತಕದ ರಾಕ್ಷಸರನ್ನು ಅರ್ಧದಷ್ಟಾದರೂ ಬಳಸಿದ್ದೀರಿ ಅಂದ್ರೆ, ತಯಾರಿಗೆ ಸಮಯ ಕಡಿಮೆ ಅಂದ್ರೆ, ಧೈರ್ಯವಾಗಿ ತಗೊಳ್ಳಿ. ಮಂತ್ರದ ಲೆಕ್ಕ ಸುಲಭ ಆಗಿರೋದಕ್ಕೇ ದುಡ್ಡು ಕೊಡಬಹುದು. ಎರಡರಲ್ಲಿ ಒಂದು ಈಗಾಗಲೇ ಇದ್ದರೆ, ಅರ್ಧ ಪುಸ್ತಕಕ್ಕೆ ಎರಡನೇ ಸಲ ದುಡ್ಡು ಕೊಡ್ತಿದ್ದೀರಿ ಅಂತ ತಿಳ್ಕೊಂಡು ಕೊಡಿ. ಇನ್ನೂ ಆಟವೇ ಶುರುಮಾಡಿಲ್ಲ ಅಂದ್ರೆ ಉಚಿತ ಕಡತ ಸಾಕು. ಆಮೇಲೂ ಆಸೆ ಉಳಿದರೆ 2025ರಲ್ಲಿ ಬಂದ ಹೊಸ 'ಮಾನ್‌ಸ್ಟರ್ ಮ್ಯಾನ್ಯುಯಲ್' ನೋಡಿ, ಒಂದರಲ್ಲೇ 500ಕ್ಕೂ ಹೆಚ್ಚು ರಾಕ್ಷಸರಿದ್ದಾರೆ.

ಅಂಗಡಿಯಲ್ಲೋ ಗೆಳೆಯರ ಮನೆಯಲ್ಲೋ ಇಂಥ ಪುಸ್ತಕ ಕೈಗೆ ಸಿಕ್ಕರೆ, ಎಲ್ಲಾದರೂ ಮೂರು ಪುಟ ತೆಗೆದು ಅಪ್ಪನ ಪ್ರಶ್ನೆ ಕೇಳಿ: ಇವನಿಗೆ ಎಂತ ಬೇಕಂತೆ? ಮೂರರಲ್ಲಿ ಎರಡಕ್ಕೆ ಪುಟವೇ ಉತ್ತರ ಹೇಳಿದರೆ ಪುಸ್ತಕ ಒಳ್ಳೇದು.

ಇನ್ನೊಂದು ಪ್ರಶ್ನೆ ಕೊಳ್ಳೋರು ತಮಗೇ ಕೇಳಿಕೊಳ್ಳೋದು: ನನಗೆ ಎಂತ ಬೇಕು? ಹೊಸ ರಾಕ್ಷಸರೇ ಬೇಕಾ, ಅಥವಾ ಬರದೇ ಇರೋ ಗೆಳೆಯನಾ? ಎರಡನೆಯದಾದರೆ ಮೊದಲು ಒಂದು ಫೋನ್ ಮಾಡಿ.

ಪುಸ್ತಕ ಈಗಲೂ ನನ್ನ ಕಾರ್ಟ್‌ನಲ್ಲಿದೆ, 'ಸೇವ್ ಫಾರ್ ಲೇಟರ್'ಗೆ ಹೋಗಿದೆ. ಡಬ್ಬಿಯ 4,200 ಹಾಗೇ ಇದೆ. ಪುರೋಹಿತನಿಗೆ ಕೆಲಸ ಸಿಕ್ಕ ದಿನ ಅದನ್ನು ಏನು ಮಾಡಬೇಕು ಅಂತ ಅವನೇ ಹೇಳಲಿ ಅಂತ ಎಲ್ಲರೂ ಒಪ್ಪಿದ್ದೇವೆ. ಅವನು ಈಗಲೇ ಹೇಳಿಯಾಗಿದೆ: "ಪುಸ್ತಕ ಬೇಡ, ಕತ್ತೆಗೊಂದು ಮಿನಿಯೇಚರ್ ತಗೊಳ್ಳೋಣ."